ಹಳಿ ಪಕ್ಕದ ಹತ್ತು ನಿಮಿಷದ ನಡಿಗೆಯನ್ನು ಈಗಲೇ ಉಳಿಸಿ

ಇವರಿಗೆ,
ಅಧ್ಯಕ್ಷರು ಮತ್ತು ಆಯುಕ್ತರು,
ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ,
ಶಿವಮೊಗ್ಗ

ಮಾನ್ಯರೇ, ನಮಸ್ಕಾರ.

ನಿಮ್ಮ ಪ್ರಾಧಿಕಾರದ ಹೆಸರಿನಲ್ಲೇ ಎರಡು ಊರುಗಳಿವೆ. ಆ ಎರಡು ಊರುಗಳ ನಡುವೆ ದಿನಾ ಓಡಾಡುವವಳು ನಾನು. ಮನೆ ಭದ್ರಾವತಿಯ ನ್ಯೂಟೌನಿನಲ್ಲಿ. ಕೆಲಸ ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ, ಲೆಕ್ಕ ಬರೆಯುವುದು. ಹದಿನಾರು ವರ್ಷದಿಂದ ಬೆಳಿಗ್ಗೆ ಎಂಟೂಕಾಲಿಗೆ ಬಸ್ ಹತ್ತುತ್ತೇನೆ. ಸೀಟು ಸಿಕ್ಕ ದಿನ ಕಿಟಕಿ ಪಕ್ಕ ಕೂರುತ್ತೇನೆ. ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ವಿದ್ಯಾನಗರ, ಆಮೇಲೆ ತುಂಗಾ ಸೇತುವೆ. ರಸ್ತೆಯಲ್ಲಿ ಬಸ್ಸು, ಲಾರಿ, ಬೈಕು, ಕಾರು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಸ್ವಲ್ಪ ಆಚೆಗೆ ರೈಲು ಹಳಿ ಇದೆ. ಒಂದು ರೈಲು ಹೋದರೆ ಮತ್ತೊಂದು ಬರುವವರೆಗೆ ಅದು ಬಹಳ ಹೊತ್ತು ಖಾಲಿ ಬಿದ್ದಿರುತ್ತದೆ.

ಈ ಪತ್ರ ಆ ಖಾಲಿ ಹಳಿಯ ಬಗ್ಗೆ. ಅದಕ್ಕಿಂತ ಜಾಸ್ತಿ, ಹಳಿಯ ಅಕ್ಕಪಕ್ಕದ ಜಾಗದ ಬಗ್ಗೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಭದ್ರಾವತಿಯಿಂದ ಶಿವಮೊಗ್ಗ ದಾಟಿ ಕೋಟೆಗಂಗೂರಿನವರೆಗೆ ಇರುವ ಈ ಹಳಿಯ ಗುಂಟ ಮುಂದೊಂದು ದಿನ ಊರೊಳಗಿನ ಹಗುರ ರೈಲು, ಅಂದರೆ ಲೈಟ್ ರೈಲ್, ಓಡಬೇಕು. ಅದು ಐದು ವರ್ಷಕ್ಕೆ ಬರಬಹುದು, ಇಪ್ಪತ್ತು ವರ್ಷವೂ ಹಿಡಿಯಬಹುದು. ಆದರೆ ಅದು ಎಲ್ಲೆಲ್ಲಿ ನಿಲ್ಲಬೇಕೋ ಆ ಜಾಗಗಳನ್ನು, ಅವುಗಳ ಸುತ್ತ ಹತ್ತು ನಿಮಿಷ ನಡೆದರೆ ಸಿಗುವಷ್ಟು ನೆಲವನ್ನು, ಮಾಸ್ಟರ್ ಪ್ಲಾನಿನಲ್ಲಿ ಈಗಲೇ ಗುರುತು ಮಾಡಿ. ರೈಲು ಓಡಿಸುವುದು ನಿಮ್ಮ ಕೈಯಲ್ಲಿಲ್ಲ, ಅದು ನನಗೆ ಗೊತ್ತು. ಹಳಿ ರೈಲ್ವೆಯವರದು. ನೆಲದ ನಕ್ಷೆ ಮಾತ್ರ ನಿಮ್ಮದು.

ನಮ್ಮ ಸೀಮೆಗೆ ಹಳಿ ಹೊಸದಲ್ಲ. 1899ರಲ್ಲೇ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. 1940ರ ಹೊತ್ತಿಗೆ ಅದು ಸಾಗರ ದಾಟಿ ತಾಳಗುಪ್ಪ ಮುಟ್ಟಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಬರೀ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನಿಂದ ಸೌದೆ ಬರುತ್ತಿದ್ದುದೂ ಅಂಥದ್ದೇ ಸಣ್ಣ ಟ್ರಾಮ್ ದಾರಿಯಲ್ಲಿ. ಮೀಟರ್ ಗೇಜ್ ಇದ್ದಾಗ ತಾಳಗುಪ್ಪಕ್ಕೆ ಹೋಗುತ್ತಿದ್ದ ರೈಲು ಬಸ್ಸನ್ನು ನನ್ನ ವಯಸ್ಸಿನವರು ಯಾರೂ ಮರೆತಿಲ್ಲ. ಒಂದೇ ಡಬ್ಬಿ, ಬಸ್ಸಿನ ಹಾಗೆ ಮುಂದೆ ಗಾಜು, ಎರಡೂ ಕಡೆ ಕಾಡು. ಸಣ್ಣ ಊರಿಗೆ ಸಣ್ಣ ರೈಲು ಅನ್ನುವ ಲೆಕ್ಕ ಆಗಿನವರಿಗೆ ಸಹಜವಾಗಿತ್ತು.

ಈಗ ರೈಲು ಎಂದರೆ ನಮಗೆಲ್ಲ ಬೆಂಗಳೂರಿನ ಮೆಟ್ರೋ ಕಣ್ಣಿಗೆ ಬರುತ್ತದೆ. ನೆತ್ತಿಯ ಮೇಲೆ ಕಾಂಕ್ರೀಟು, ಸಾವಿರಾರು ಕೋಟಿ ಖರ್ಚು. ಶಿವಮೊಗ್ಗಕ್ಕೆ ಅದು ಬೇಡ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಭದ್ರಾವತಿಯದು ಸುಮಾರು ಒಂದೂವರೆ ಲಕ್ಷ. ಇಷ್ಟು ಗಾತ್ರದ ಊರಿಗೆ ಹೊಂದುವುದು ನೆಲದ ಮೇಲೇ ಓಡುವ ಹಗುರ ರೈಲು. ಕೇಂದ್ರ ಸರ್ಕಾರ 2019ರಲ್ಲಿ ‘ಮೆಟ್ರೋಲೈಟ್’ ಎಂಬ ಹೆಸರಿನಲ್ಲಿ ಇದಕ್ಕೆ ಅಳತೆ, ನಿಯಮಗಳನ್ನು ಹೊರಡಿಸಿತು. ಮೂರು ಬೋಗಿ, ಒಂದು ಸಲಕ್ಕೆ ಸುಮಾರು 300 ಜನ. ಖರ್ಚು ದೊಡ್ಡ ಮೆಟ್ರೋದ ಶೇಕಡಾ 40ರಷ್ಟು ಎಂದು ಆಗ ಹೇಳಿದ್ದರು. ಹತ್ತು ನಿಮಿಷಕ್ಕೊಂದು ಬಂದರೂ ಗಂಟೆಗೆ ಒಂದು ಕಡೆಗೆ 1,800 ಜನ. ನಮ್ಮ ಬೆಳಗಿನ ಬಸ್ಸುಗಳ ನೂಕುನುಗ್ಗಲಿಗೆ ಅದು ಸಣ್ಣ ಸಹಾಯವಲ್ಲ.

ನನ್ನ ಅಕ್ಕನ ಮಗ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಓದುತ್ತಿದ್ದಾನೆ. ಆ ಊರಿನ ಜನಸಂಖ್ಯೆ ಸುಮಾರು ಮೂರು ಲಕ್ಷ, ನಮ್ಮ ಶಿವಮೊಗ್ಗದಷ್ಟೇ. ಒಂದು ದಿನ ವಿಡಿಯೋ ಕಾಲ್ ಮಾಡಿ, ‘ಚಿಕ್ಕಮ್ಮ, ಇಲ್ನೋಡಿ’ ಎಂದು ಫೋನನ್ನು ಕಿಟಕಿಗೆ ಹಿಡಿದ. ಅಂಗಡಿ ಬೀದಿಯಲ್ಲಿ ಟ್ರಾಮ್ ಹೋಗುತ್ತಿತ್ತು. ಅದರ ಪಕ್ಕದಲ್ಲೇ ಜನ ತರಕಾರಿ ಚೀಲ ಹಿಡಿದು ನಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಟ್ರಾಮ್ ಊರಾಚೆ ಬಂದು ದೊಡ್ಡ ರೈಲಿನ ಹಳಿಗೇ ಸೇರಿಕೊಂಡು ಪಕ್ಕದ ಊರಿನ ಕಡೆ ಹೊರಟಿತು! ನನಗೆ ನಂಬಲಿಕ್ಕೇ ಆಗಲಿಲ್ಲ. ಆಮೇಲೆ ಕುಳಿತು ಓದಿದೆ. 1992ರಲ್ಲಿ ಅವರು ಇದನ್ನು ಬ್ರೆಟ್ಟನ್ ಎಂಬ ಸಣ್ಣ ಊರಿನ ದಾರಿಯಲ್ಲಿ ಶುರು ಮಾಡಿದರು. ಊರೊಳಗೆ ಆ ಗಾಡಿ 750 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ ಓಡುತ್ತದೆ. ಮುಖ್ಯ ಹಳಿಗೆ ಬಂದಾಗ 15,000 ವೋಲ್ಟ್ ಎಸಿಗೆ ಬದಲಾಗುತ್ತದೆ. ಕೂತವರು ಇಳಿದು ಹತ್ತಬೇಕಾಗಿಲ್ಲ. ಅದಕ್ಕೇ ಆ ದಾರಿಯಲ್ಲಿ ಓಡಾಡುವವರು ಕೆಲವೇ ದಿನಗಳಲ್ಲಿ ಹಲವು ಪಟ್ಟು ಹೆಚ್ಚಿದರು.

ನಮ್ಮ ಕಷ್ಟವೂ ಅದೇ ಅಲ್ವಾ? ಇಳಿದು ಹತ್ತುವುದು. ಶಿವಮೊಗ್ಗ ಟೌನ್ ನಿಲ್ದಾಣದಲ್ಲಿ ಇಳಿದವರು ಬಸ್ ನಿಲ್ದಾಣಕ್ಕೋ ದುರ್ಗಿಗುಡಿಗೋ ಹೋಗಲು ಆಟೋ ಹಿಡಿಯಬೇಕು. ಭದ್ರಾವತಿಯಿಂದ ರೈಲಿನಲ್ಲಿ ಬಂದು ಉಳಿಸಿದ ದುಡ್ಡು, ಹೊತ್ತು ಎರಡೂ ಅಲ್ಲಿಗೆ ಖರ್ಚಾಗುತ್ತವೆ. ಅದಕ್ಕೇ ಯಾರೂ ರೈಲು ನೆಚ್ಚುವುದಿಲ್ಲ.

ಜಪಾನಿನ ತೊಯಾಮಾ ಊರಿನ ಕಥೆ ನನಗೆ ಇನ್ನೂ ಹತ್ತಿರದ್ದು ಅನಿಸಿತು. ಅಲ್ಲಿ ಜನ ಕಡಿಮೆಯಾಗಿ ಸೊರಗಿದ್ದ ಒಂದು ಹಳೆಯ ರೈಲು ದಾರಿ ಇತ್ತು, ಬರೀ ಎಂಟು ಕಿಲೋಮೀಟರ್‌ನಷ್ಟು. ಮುಚ್ಚುವ ಬದಲು 2006ರಲ್ಲಿ ಅದನ್ನು ಹಗುರ ರೈಲಾಗಿ ಬದಲಾಯಿಸಿದರು. ನಿಲ್ದಾಣಗಳನ್ನು ಹತ್ತಿರ ಹತ್ತಿರ ಮಾಡಿದರು. ಕಾಲು ಗಂಟೆಗೊಂದರಂತೆ ಗಾಡಿ ಬಿಟ್ಟರು. ಊರಿನ ಯೋಜನೆಗೆ ಅವರು ಕೊಟ್ಟ ಹೋಲಿಕೆ ಚೆನ್ನಾಗಿದೆ: ಕಡ್ಡಿಗೆ ಚುಚ್ಚಿದ ಅಕ್ಕಿ ಉಂಡೆಗಳು. ಕಡ್ಡಿ ಎಂದರೆ ಹಳಿ, ಉಂಡೆಗಳೆಂದರೆ ನಿಲ್ದಾಣದ ಸುತ್ತಲಿನ ಬಡಾವಣೆಗಳು. ನಾವು ದಾರ ಮತ್ತು ಮಲ್ಲಿಗೆ ಎನ್ನಬಹುದು. ದಾರದುದ್ದಕ್ಕೂ ಹೂ ಪೋಣಿಸಬೇಕು. ಈಗ ನಮ್ಮಲ್ಲಿ ದಾರ ಒಂದು ಕಡೆ ಬಿದ್ದಿದೆ, ಹೂ ಇನ್ನೊಂದು ಕಡೆ ಚೆಲ್ಲಿವೆ. ಹೊಸ ಲೇಔಟುಗಳು ಸಾಗರ ರಸ್ತೆ, ಸವಳಂಗ ರಸ್ತೆ, ಹೊಳೆಹೊನ್ನೂರು ರಸ್ತೆ ಎಂದು ಎಲ್ಲ ದಿಕ್ಕಿಗೂ ಹರಡುತ್ತಿವೆ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾದ ಮೇಲೆ ಆ ಕಡೆಗೂ ಸೈಟಿನ ಬೋರ್ಡುಗಳು ಎದ್ದವು. ಪ್ರತಿ ಮನೆಯವರೂ ಬೈಕು ಕೊಳ್ಳಲೇಬೇಕು. ಬೈಕು ಕೊಂಡ ಮೇಲೆ ನೆಹರೂ ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕಬೇಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಎಂಟು ವರ್ಷದ ಹಿಂದೆ ಹಳಿ ಪಕ್ಕದ ಒಂದು ಖಾಸಗಿ ಲೇಔಟಿನಲ್ಲಿ ಸೈಟು ನೋಡಲು ಹೋಗಿದ್ದೆವು. ‘ಸ್ಟೇಷನ್ ಐದೇ ನಿಮಿಷ ಮೇಡಂ’ ಎಂದು ತೋರಿಸಿದರು. ನಿಜಕ್ಕೂ ಪ್ಲಾಟ್‌ಫಾರಂ ಕಣ್ಣಿಗೆ ಕಾಣುತ್ತಿತ್ತು. ನಾನು ನಡೆದೇ ನೋಡೋಣ ಎಂದೆ. ಲೇಔಟಿನ ಹಿಂದೆ ಉದ್ದಕ್ಕೂ ಕಾಂಪೌಂಡ್ ಗೋಡೆ. ಒಂದು ಸಣ್ಣ ಗೇಟೂ ಇಲ್ಲ. ಮುಂದಿನ ದಾರಿಯಲ್ಲಿ ಹೊರಟು, ಮುಖ್ಯ ರಸ್ತೆ ಸೇರಿ, ಫುಟ್‌ಪಾತ್ ಇಲ್ಲದ ಅಂಚಿನಲ್ಲಿ ಲಾರಿಗಳ ಗಾಳಿಗೆ ಸೆರಗು ಹಿಡಿದುಕೊಂಡು ನಡೆದೆವು. ಮೂವತ್ತೈದು ನಿಮಿಷ ಆಯಿತು. ಅಮ್ಮ ಅರ್ಧ ದಾರಿಯಲ್ಲಿ ಒಂದು ಅಂಗಡಿಯ ಕಟ್ಟೆ ಮೇಲೆ ಕುಳಿತುಬಿಟ್ಟರು. ಸೈಟು ಕೊಳ್ಳಲಿಲ್ಲ. ಆದರೆ ಆ ಗೋಡೆ ನನ್ನ ತಲೆಯಿಂದ ಹೋಗಿಲ್ಲ. ಕೋಟಿಗಟ್ಟಲೆ ಸುರಿದು ರೈಲು ತಂದರೂ ಇಂಥ ಒಂದು ಗೋಡೆ ಸಾಕು, ಸಾವಿರ ಜನ ಮತ್ತೆ ಬೈಕಿಗೆ ಹೋಗಲು. ನಕ್ಷೆಗೆ ಒಪ್ಪಿಗೆ ಕೊಡುವಾಗ ಒಂದು ಗೆರೆ ಎಳೆದಿದ್ದರೆ ಅಲ್ಲೊಂದು ದಾರಿ ಇರುತ್ತಿತ್ತು.

ಈ ಗೆರೆಯ ಬಗ್ಗೆಯೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. ನಿಲ್ದಾಣಗಳ ಸುತ್ತ ಊರು ಬೆಳೆಸುವ ಬಗ್ಗೆ ಇರುವ ಕೇಂದ್ರದ 2017ರ ನೀತಿ, ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗಿನ ನೆಲವನ್ನು ಅದರ ಪ್ರಭಾವದ ವಲಯ ಎನ್ನುತ್ತದೆ. ಹತ್ತು ಹನ್ನೆರಡು ನಿಮಿಷದ ನಡಿಗೆ. 800 ಮೀಟರ್ ವೃತ್ತ ಎಳೆದರೆ ಒಳಗೆ ಸುಮಾರು 500 ಎಕರೆ ಬರುತ್ತದೆ. ಆ 500 ಎಕರೆಯಲ್ಲಿ ಎಷ್ಟು ಮನೆ, ಎಷ್ಟು ಅಂಗಡಿ, ಎಲ್ಲಿ ಶಾಲೆ, ಎಲ್ಲಿ ಕಾಲುದಾರಿ ಎಂದು ನೀವು ಬರೆದದ್ದೇ ರೈಲಿನಲ್ಲಿ ಎಷ್ಟು ಜನ ಕೂರುತ್ತಾರೆ ಎನ್ನುವುದನ್ನು ನಿರ್ಧರಿಸುತ್ತದೆ. ಅಲ್ಲಿ ಸಾಲು ಗೋಡೌನು ಕಟ್ಟಲು ಬಿಟ್ಟರೆ ರೈಲು ಖಾಲಿ ಓಡುತ್ತದೆ. ಸೈಟುಗಳನ್ನು ಕೊಂಡು ಖಾಲಿ ಬಿಟ್ಟು ಬೆಲೆ ಏರಲೆಂದು ಕಾಯುವವರ ಕೈಗೆ ಹೋದರೂ ಅಷ್ಟೇ.

ಇದನ್ನು ನಾವು ಹೊರದೇಶದಿಂದಲೇ ಕಲಿಯಬೇಕು ಎಂದೇನಿಲ್ಲ. ನಾನು ಹುಟ್ಟಿ ಬೆಳೆದ ನ್ಯೂಟೌನೇ ಇದೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಸೈರನ್ ಆದ ಮೇಲೆ ಮನೆ ಬಿಟ್ಟರೂ ಶಿಫ್ಟಿಗೆ ಸರಿಯಾಗಿ ಮುಟ್ಟುತ್ತಿದ್ದರು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಆಟದ ಮೈದಾನ ಎಲ್ಲವೂ ಕಾಲ್ನಡಿಗೆಯಲ್ಲಿ. ರಸ್ತೆಯ ಎರಡೂ ಕಡೆ ದೊಡ್ಡ ಮರಗಳು. ನಾವು ಮಕ್ಕಳು ಒಬ್ಬೊಬ್ಬರೇ ಶಾಲೆಗೆ ನಡೆದು ಹೋಗುತ್ತಿದ್ದೆವು, ಯಾರೂ ಹೆದರುತ್ತಿರಲಿಲ್ಲ. ಕಾರ್ಖಾನೆಯ ಗೇಟನ್ನು ನಡುವಿಟ್ಟುಕೊಂಡು ಊರು ಕಟ್ಟಿದ್ದರು. ಆ ಗೇಟಿನ ಜಾಗದಲ್ಲಿ ಒಂದು ನಿಲ್ದಾಣವನ್ನು ಇಟ್ಟು ನೋಡಿ. ನಾನು ಕೇಳುತ್ತಿರುವುದು ಅಷ್ಟೇ. ಕಾರ್ಖಾನೆ ಸೊರಗಿ, ಎಂಪಿಎಂ ಕಾಗದದ ಕಾರ್ಖಾನೆಯ ಯಂತ್ರಗಳೂ ನಿಂತ ಮೇಲೆ ನಮ್ಮೂರಿನ ಮಕ್ಕಳು ಕೆಲಸಕ್ಕೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕಾಯಿತು. ಶಿವಮೊಗ್ಗ ಇಪ್ಪತ್ತು ನಿಮಿಷದ ದಾರಿಯಾದರೆ ಎಷ್ಟೋ ಮಕ್ಕಳು ತಂದೆತಾಯಿ ಜೊತೆಯಲ್ಲೇ ಇರಬಹುದು. ನ್ಯೂಟೌನಿನಲ್ಲಿ ಬೀಗ ಬಿದ್ದ ಮನೆಗಳನ್ನು ನೋಡಿದಾಗೆಲ್ಲ ನನಗೆ ಇದೇ ಯೋಚನೆ.

ನಿಲ್ದಾಣದ ಕಟ್ಟಡದ ಬಗ್ಗೆಯೂ ಒಂದೆರಡು ಮಾತು. ದಯವಿಟ್ಟು ಗಾಜಿನ ಡಬ್ಬಿ ಬೇಡ. ಇದು ಮಲೆನಾಡಿನ ಬಾಗಿಲು. ಪುನರ್ವಸು ಮಳೆ ಹಿಡಿದರೆ ಇರಚಲು ಎಲ್ಲ ಕಡೆಯಿಂದಲೂ ಹೊಡೆಯುತ್ತದೆ. ಈಗಿನ ಬಸ್ ಶೆಲ್ಟರುಗಳ ತೆಳು ಮಾಡಿನ ಕೆಳಗೆ ನಿಂತರೂ ಮೊಣಕಾಲಿನವರೆಗೆ ನೆನೆಯುತ್ತೇವೆ. ನಮ್ಮ ಹಿರಿಯರು ಸೂರನ್ನು ತಗ್ಗಿಸಿ, ಉದ್ದಕ್ಕೆ ಇಳಿಬಿಟ್ಟು, ಜಗಲಿಯನ್ನು ಒಣಗಿಸಿಟ್ಟುಕೊಂಡಿದ್ದರು. ನಿಲ್ದಾಣವೂ ಒಂದು ಉದ್ದನೆಯ ಜಗಲಿಯ ಹಾಗಿರಲಿ. ಇಳಿಜಾರು ಮಾಡು, ಕೂರಲು ಕಟ್ಟೆ, ಕೊಡೆ ಮಡಚಿ ನೀರು ಸೋರಲು ಒಂದು ಮೂಲೆ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ಊರಿನಲ್ಲಿ 1994ರಲ್ಲಿ ಟ್ರಾಮ್ ಮರಳಿ ಬಂದಾಗ ಹಳಿಗಳ ನಡುವೆ ಹುಲ್ಲು ಬೆಳೆಸಿದರು. ಸದ್ದು ಕಡಿಮೆ, ನೀರೂ ನೆಲಕ್ಕೆ ಇಂಗುತ್ತದೆ. ಹುಲ್ಲು ಬೆಳೆಸಲು ನಮ್ಮ ಮಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಮ್ಮನಿಗೆ ಈಗ ಎಪ್ಪತ್ತೆಂಟು. ಮಂಡಿ ನೋವು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ನಾನು ಹಿಂದಿನಿಂದ ಎತ್ತಬೇಕು, ಕಂಡಕ್ಟರ್ ಮುಂದಿನಿಂದ ಕೈ ಹಿಡಿಯಬೇಕು. ಹೊಸ ಟ್ರಾಮ್‌ಗಳ ನೆಲ ಹಳಿಯಿಂದ ಒಂದಡಿ ಚಿಲ್ಲರೆ ಎತ್ತರ, ಪ್ಲಾಟ್‌ಫಾರಮ್ಮೂ ಅಷ್ಟೇ ಎತ್ತರ. ಗಾಲಿಕುರ್ಚಿಯವರು, ಮಗುವನ್ನು ಎತ್ತಿಕೊಂಡವರು, ಗಂಟುಮೂಟೆ ಹೊತ್ತವರು ಸುಮ್ನೆ ನಡೆದು ಒಳಗೆ ಹೋಗಬಹುದು. ಅಮ್ಮ ಮೆಗ್ಗಾನ್ ಆಸ್ಪತ್ರೆಗೆ ಒಬ್ಬರೇ ಹೋಗಿ ಬರುವುದನ್ನು ನಾನು ನೋಡಬೇಕು. ಅವರಿಗೂ ಅದೇ ಆಸೆ.

ಊರೊಳಗಿನ ಭಾಗ ಕಷ್ಟದ್ದು, ಒಪ್ಪುತ್ತೇನೆ. ರೈಲು ನಿಲ್ದಾಣದಿಂದ ಗೋಪಿ ಸರ್ಕಲ್, ನೆಹರೂ ರಸ್ತೆ, ಬಿ.ಎಚ್. ರಸ್ತೆಯಾಗಿ ಬಸ್ ನಿಲ್ದಾಣಕ್ಕೆ ಒಂದು ಸಣ್ಣ ಕೊಂಡಿ ಬೇಕು. ಜೋಡಿ ಹಳಿಗೆ ಸುಮಾರು ಏಳು ಮೀಟರ್ ಅಗಲ ಹೋಗುತ್ತದೆ. ಕಾರು, ಬೈಕುಗಳೂ ಅಲ್ಲೇ ನುಗ್ಗಬೇಕು ಎಂದರೆ ಆಗುವುದಿಲ್ಲ. ಸ್ಟ್ರಾಸ್‌ಬೂರ್ಗ್‌ನವರು ಊರ ನಡುವಿನ ಚೌಕದಿಂದ ಕಾರುಗಳನ್ನೇ ಹೊರಗಿಟ್ಟರು. ಅಲ್ಲಿನ ಅಂಗಡಿಯವರೂ ವ್ಯಾಪಾರ ಬಿದ್ದುಹೋಗುತ್ತದೆ ಎಂದು ಹೆದರಿದ್ದರು. ನನ್ನ ಅಂಗಡಿಯ ಯಜಮಾನರಿಗೆ ಇದನ್ನು ಹೇಳಿದಾಗ ಅವರೂ ಮೊದಲು ತಲೆ ಅಲ್ಲಾಡಿಸಿದರು. ಆಮೇಲೆ ನಾನು ನಮ್ಮ ಪುಸ್ತಕವನ್ನೇ ತೆಗೆದು ತೋರಿಸಿದೆ. ದಸರಾ, ದೀಪಾವಳಿಗೆ ರಸ್ತೆಯಲ್ಲಿ ಗಾಡಿ ಹೋಗಲಾರದಷ್ಟು ಜನ ತುಂಬಿದ ದಿನಗಳೇ ನಮ್ಮ ಒಳ್ಳೆಯ ವ್ಯಾಪಾರದ ದಿನಗಳು. ಒಳಗೆ ಬಂದು ಕೊಳ್ಳುವವರು ನಡೆಯುವ ಜನ.

ಹುಬ್ಬಳ್ಳಿ-ಧಾರವಾಡದವರು ಎರಡು ಊರಿನ ನಡುವೆ 22 ಕಿಲೋಮೀಟರ್ ಬಸ್ಸಿಗೇ ಪ್ರತ್ಯೇಕ ದಾರಿ ಮಾಡಿದರು. 2018ರಿಂದ ‘ಚಿಗರಿ’ ಬಸ್ಸು ಓಡುತ್ತಿದೆ. ನಮ್ಮಲ್ಲಿ ರೈಲು ತಡವಾಗುವುದಾದರೆ ಬಸ್ಸಿನಿಂದಲೇ ಶುರು ಮಾಡಿ, ನನ್ನದೇನೂ ಹಟವಿಲ್ಲ. ರೈಲ್ವೆಯವರು ಒಪ್ಪಿದರೆ ಇರುವ ಒಂಟಿ ಹಳಿಯ ಮೇಲೇ ಬೆಳಿಗ್ಗೆ ಸಂಜೆ ಎರಡೆರಡು ಶಟಲ್ ರೈಲು ಬಿಡಿಸಿ. ಒಂಟಿ ಹಳಿಯಲ್ಲಿ ಎದುರು ಬದುರು ರೈಲು ದಾಟಿಸಲು ಜಾಗ ಬೇಕು. ಹಗುರ ಗಾಡಿಯನ್ನು ಗೂಡ್ಸ್ ರೈಲಿನ ಜೊತೆ ಒಂದೇ ಹಳಿಯಲ್ಲಿ ಓಡಿಸಲು ಸುರಕ್ಷತೆಯ ನಿಯಮಗಳಿವೆ. ಬಹುಶಃ ಪಕ್ಕದಲ್ಲೇ ಬೇರೆ ಜೋಡಿ ಹಳಿ ಬೇಕಾಗಬಹುದು. ಅದಕ್ಕೂ ಜಾಗ ಉಳಿದಿರಬೇಕು ತಾನೇ? ಕೋಟೆಗಂಗೂರಿನಲ್ಲಿ ರೈಲ್ವೆ ಕೋಚಿಂಗ್ ಡಿಪೋ (ಬೋಗಿಗಳನ್ನು ನೋಡಿಕೊಳ್ಳುವ ಜಾಗ), ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ದಾರಿ ಎಂದು 2023ರಲ್ಲೇ ಶಂಕುಸ್ಥಾಪನೆ ಆಗಿದೆ. ಅಂದರೆ ರೈಲಿನ ನಕ್ಷೆ ಬದಲಾಗುತ್ತಿರುವ ಕಾಲವೇ ಇದು. ಊರಿನ ನಕ್ಷೆಯೂ ಜೊತೆಗೇ ಬದಲಾಗಬೇಕು. ಇಷ್ಟು ವರ್ಷ ನಾವು ಹಳಿಯನ್ನು ದಾಟಲು ಮಾತ್ರ ದುಡ್ಡು ಹಾಕಿದ್ದೇವೆ. ವಿದ್ಯಾನಗರದಲ್ಲಿ ಮೇಲ್ಸೇತುವೆ, ಸವಳಂಗ ರಸ್ತೆಯಲ್ಲಿ ಮೇಲ್ಸೇತುವೆ. ಅವು ಬೇಕಿದ್ದವು. ಇನ್ನು ಹಳಿಯ ಹತ್ತಿರ ಬರಲು, ಹತ್ತಲು ಸ್ವಲ್ಪ ಹಾಕಿ.

ಒಂದು ಭಯವನ್ನೂ ಹೇಳಿಕೊಳ್ಳುತ್ತೇನೆ. ನಿಲ್ದಾಣ ಎಂದು ಗುರುತು ಬಿದ್ದ ಮರುದಿನವೇ ನೆಲದ ಬೆಲೆ ಏರುತ್ತದೆ. ಮಲವಗೊಪ್ಪದಲ್ಲೋ ನಿದಿಗೆಯಲ್ಲೋ ಬಾಡಿಗೆಗೆ ಇರುವ ಗಾರೆ ಕೆಲಸದವರು, ಮನೆಗೆಲಸದವರು ದೂರ ಹೋಗಬೇಕಾಗುತ್ತದೆ. ರೈಲು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವರಿಗೇ. ಹಾಗಾಗಿ ಆ ವೃತ್ತದೊಳಗೆ ಪ್ರಾಧಿಕಾರವೇ ಒಂದಷ್ಟು ನೆಲ ಇಟ್ಟುಕೊಳ್ಳಲಿ. ಸಣ್ಣ ಮನೆಗಳಿಗೆ, ಬಾಡಿಗೆ ಮನೆಗಳಿಗೆ ಮೀಸಲಿಡಲಿ. ಹೆಚ್ಚು ಮಹಡಿಗೆ ಒಪ್ಪಿಗೆ ಕೊಡುವಾಗ ಅದರ ಬದಲಿಗೆ ಶುಲ್ಕ ಪಡೆದು ಆ ದುಡ್ಡನ್ನು ಅದೇ ನಿಲ್ದಾಣದ ಫುಟ್‌ಪಾತಿಗೆ, ಚರಂಡಿಗೆ ಹಾಕಲಿ. ಹಾಂಗ್‌ಕಾಂಗಿನಲ್ಲಿ ರೈಲು ಕಂಪನಿಯೇ ನಿಲ್ದಾಣದ ಮೇಲೆ ಮನೆ, ಅಂಗಡಿ ಕಟ್ಟಿ ಆ ಆದಾಯವನ್ನು ಹೊಸ ಹಳಿಗೆ ಬಳಸುತ್ತದೆ. ನಮಗೆ ಅಂಥ ಮುಗಿಲೆತ್ತರದ ಕಟ್ಟಡ ಬೇಡ, ನಾಲ್ಕೈದು ಮಹಡಿ ಸಾಕು. ಲೆಕ್ಕ ಮಾತ್ರ ಅದೇ. ಹೂ ಮಾರುವವರು, ಮಂಡಕ್ಕಿ ಗಾಡಿಯವರು ನಿಲ್ದಾಣದ ಮುಂದೆ ಹೇಗೂ ಬರುತ್ತಾರೆ. ಅವರನ್ನು ಓಡಿಸುವ ಬದಲು ನಕ್ಷೆಯಲ್ಲೇ ಜಾಗ ಬರೆಯಿರಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯೂ ಅದನ್ನೇ ಹೇಳುತ್ತದೆ. ರಾತ್ರಿ ಒಂಬತ್ತಕ್ಕೆ ಇಳಿಯುವ ಹೆಣ್ಣುಮಗಳಿಗೆ ಆ ಗಾಡಿಯ ದೀಪ, ನಾಲ್ಕು ಜನರ ಮಾತು ದೊಡ್ಡ ಧೈರ್ಯ. ಇದನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ.

ಹಳಿ ಪಕ್ಕದಲ್ಲಿ ಇನ್ನೂ ಗದ್ದೆ, ಅಡಿಕೆ ತೋಟ, ಖಾಲಿ ಜಾಗ ಉಳಿದಿರುವ ಕಡೆಗಳನ್ನು ನಾನು ಮತ್ತು ನನ್ನ ಇಬ್ಬರು ಗೆಳತಿಯರು ಮೂರು ಭಾನುವಾರ ನಡೆದು ಗುರುತು ಮಾಡಿಕೊಂಡಿದ್ದೇವೆ. ಮೊದಲನೇ ಭಾನುವಾರ ಗದ್ದೆಯಾಗಿದ್ದ ಒಂದು ಕಡೆ ಮೂರನೇ ಭಾನುವಾರಕ್ಕೆ ಕೆಂಪು ಮಣ್ಣು ತುಂಬಿಸಿ ಕಲ್ಲು ನೆಟ್ಟಿದ್ದರು. ಕೈಯಲ್ಲೇ ಬರೆದ ಆ ನಕ್ಷೆಯನ್ನು ಈ ಪತ್ರದ ಪ್ರತಿಯ ಜೊತೆ ನಿಮ್ಮ ಕಚೇರಿಗೆ ಕೊಡುತ್ತಿದ್ದೇನೆ. ಅಳತೆ ಹೆಜ್ಜೆ ಲೆಕ್ಕದ್ದು, ತಪ್ಪಿರಬಹುದು. ನಿಮ್ಮ ಸರ್ವೇಯರ್ ಬಂದು ಸರಿ ಮಾಡಲಿ. ಅವರ ಜೊತೆ ನಾವೂ ನಡೆಯುತ್ತೇವೆ. ಭಾನುವಾರವಾದರೆ ಇಡೀ ದಿನ, ಬೇರೆ ದಿನವಾದರೆ ಸಂಜೆ ಆರೂವರೆಯ ಮೇಲೆ, ನಾನು ಬಸ್ ಇಳಿದ ತಕ್ಷಣ.

ಇಂತಿ ನಮಸ್ಕಾರಗಳೊಂದಿಗೆ,
ಶಿವಮೊಗ್ಗ-ಭದ್ರಾವತಿ ದಾರಿಯ ದಿನನಿತ್ಯದ ಪ್ರಯಾಣಿಕಳು,
ನ್ಯೂಟೌನ್, ಭದ್ರಾವತಿ